ಹೆಡ್ ಕೆಲಸ ಸಾಕಾ, ಫುಲ್ ಎಂಜಿನ್ ಬಿಚ್ಚಬೇಕಾ?

ಪ್ರಶ್ನೆ: ನನ್ನದು ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. 2,30,000 ಕಿ.ಮೀ. ಓಡಿದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ನೀಲಿ ಹೊಗೆ ಬಂದು ಆಮೇಲೆ ನಿಲ್ಲುತ್ತದೆ. 1,000 ಕಿ.ಮೀ.ಗೆ ಹೆಚ್ಚುಕಡಿಮೆ ಮುಕ್ಕಾಲು ಲೀಟರ್ ಆಯಿಲ್ ಹಾಕಬೇಕಾಗುತ್ತಿದೆ. ಪಿಕಪ್ ಕಡಿಮೆಯಾಗಿದೆ. ಕಂಪ್ರೆಷನ್ ನೋಡಿಸಿದಾಗ 165, 160, 120, 162 ಪಿಎಸ್‌ಐ ಬಂತು. ಒಬ್ಬ ಮೆಕ್ಯಾನಿಕ್ ಹೆಡ್ ಕೆಲಸ ಮಾಡಿದರೆ ಸಾಕು ಅಂತಾರೆ. ಇನ್ನೊಬ್ಬರು ಇಷ್ಟು ಓಡಿದ ಎಂಜಿನ್ ಪೂರ್ತಿ ಬಿಚ್ಚಲೇಬೇಕು ಅಂತಾರೆ. ಬಾಡಿ ಚೆನ್ನಾಗಿದೆ, ಇನ್ನೂ ಐದಾರು ವರ್ಷ ಇಟ್ಟುಕೊಳ್ಳುವ ಆಸೆ. ಯಾರ ಮಾತು ಕೇಳಲಿ? ಅಂದ ಹಾಗೆ, ದೂರ ಓಡಿಸಿ ಬಂದು ನಿಲ್ಲಿಸಿದಾಗ ಆಯಿಲ್ ಲೈಟ್ ಒಮ್ಮೊಮ್ಮೆ ಮಿಣುಕುತ್ತದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ:

ಕೊನೆಗೆ ‘ಅಂದ ಹಾಗೆ’ ಎಂದು ಸೇರಿಸಿದ್ದೀರಲ್ಲ, ಆ ಆಯಿಲ್ ಲೈಟ್‌ನಿಂದಲೇ ಶುರು ಮಾಡೋಣ. ಹೊಗೆ, ಆಯಿಲ್ ಖರ್ಚು, ಕಡಿಮೆ ಕಂಪ್ರೆಷನ್ (ಪಿಸ್ಟನ್ ಗಾಳಿಯನ್ನು ಒತ್ತಿದಾಗ ಸಿಲಿಂಡರಿನಲ್ಲಿ ಬರುವ ಒತ್ತಡ) ಇವು ಮೂರೂ ವಾಲ್ವ್‌ಗಳಿರುವ ಮೇಲಿನ ಭಾಗವಾದ ಹೆಡ್‌ನಿಂದಲೂ ಬರಬಹುದು, ಪಿಸ್ಟನ್ ಓಡಾಡುವ ಕೊಳವೆಯಾದ ಬೋರ್‌ನಿಂದಲೂ ಬರಬಹುದು. ಆಯಿಲ್ ಪ್ರೆಷರ್ ಹಾಗಲ್ಲ. ಅದು ಹೆಚ್ಚಾಗಿ ಎಂಜಿನ್ನಿನ ಕೆಳಗಿನ ಅರ್ಧಕ್ಕೆ, ಅಂದರೆ ಕ್ರ್ಯಾಂಕ್, ಬೇರಿಂಗ್, ಆಯಿಲ್ ಪಂಪ್ ಇರುವ ಭಾಗಕ್ಕೆ ಸೇರಿದ ವಿಷಯ. ಹೆಡ್ ಕೆಲಸವೋ ಫುಲ್ ಕೆಲಸವೋ ಎಂದು ತೀರ್ಮಾನಿಸುವುದು ಈ ಕೆಳಗಿನ ಅರ್ಧವೇ. 2,30,000 ಎಂಬ ಅಂಕಿ ನೋಡಿ ‘ಬಿಚ್ಚಲೇಬೇಕು’ ಎಂದವರೂ, ಬೆಳಗಿನ ಹೊಗೆ ನೋಡಿ ‘ಹೆಡ್ ಸಾಕು’ ಎಂದವರೂ ಕೆಳಗಿನ ಅರ್ಧವನ್ನು ಅಳೆದು ನೋಡಿಲ್ಲ. ಇಬ್ಬರಲ್ಲಿ ಯಾರಾದರೂ ಸರಿ ಇರಬಹುದು. ಸದ್ಯಕ್ಕೆ ಇಬ್ಬರಿಗೂ ಒಪ್ಪಿಗೆ ಕೊಡಬೇಡಿ.

ಮೊದಲು ಡಿಪ್‌ಸ್ಟಿಕ್ ನೋಡಿ. ಇಷ್ಟು ಆಯಿಲ್ ಕುಡಿಯುವ ಎಂಜಿನ್ನಿನಲ್ಲಿ ಲೆವೆಲ್ ಕೆಳಗಿಳಿದು, ಬ್ರೇಕ್ ಹಾಕಿದಾಗ ಪಂಪ್‌ಗೆ ಆಯಿಲ್ ಸಿಗದೆ ಲೈಟ್ ಮಿಣುಕುವುದುಂಟು. ಲೆವೆಲ್ ಸರಿ ಇದ್ದೂ ಮಿಣುಕಿದರೆ ಆ ಲೈಟನ್ನು ಕಡೆಗಣಿಸಬೇಡಿ. ಸಾಮಾನ್ಯವಾಗಿ ಆ ಲೈಟ್ ಹತ್ತುವುದು ಪ್ರೆಷರ್ 5ರಿಂದ 7 ಪಿಎಸ್‌ಐ ಆಸುಪಾಸಿಗೆ ಇಳಿದಾಗ. ಲೈಟ್ ಹತ್ತುವ ಹೊತ್ತಿಗೆ ತಡವಾಗಿರುತ್ತದೆ. ಕಾರಣ ಗೊತ್ತಾಗುವ ತನಕ ದೂರದ ಓಡಾಟ ಬೇಡ.

ಆಮೇಲೆ ಆ ಲೈಟಿನ ಸ್ವಿಚ್ ಬಿಚ್ಚಿ, ಅದೇ ಜಾಗಕ್ಕೆ ಮುಳ್ಳಿನ ಗೇಜ್ ಹಾಕಿಸಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಒಮ್ಮೆ, 3,000 ಆರ್‌ಪಿಎಂನಲ್ಲಿ ಒಮ್ಮೆ ನೋಡಬೇಕು. ತಣ್ಣಗಿರುವ ಎಂಜಿನ್ನಿನಲ್ಲಿ ನೋಡಿದ ಪ್ರೆಷರ್‌ಗೆ ಬೆಲೆ ಇಲ್ಲ, ದಪ್ಪ ಆಯಿಲ್ ಎಲ್ಲವನ್ನೂ ಮುಚ್ಚಿಡುತ್ತದೆ. ಪ್ರತಿ 1,000 ಆರ್‌ಪಿಎಂಗೆ 10 ಪಿಎಸ್‌ಐ ಎಂಬ ಹಳೆಯ ಲೆಕ್ಕ ಒಂದು ಅಂದಾಜಿಗೆ ಸಾಕು. ಸರಿಯಾದ ಅಂಕಿ ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಗೇಜ್ ಚೆನ್ನಾಗಿ ತೋರಿಸಿದರೆ ಸ್ವಿಚ್ ಕೆಟ್ಟಿದೆ ಎಂದರ್ಥ. ಅದನ್ನು ಬದಲಿಸಿದರೆ ಆ ಕಥೆ ಮುಗಿಯಿತು.

ಕಡಿಮೆ ತೋರಿಸಿದರೂ ತಕ್ಷಣ ‘ಬೇರಿಂಗ್ ಹೋಯಿತು’ ಎಂದು ಒಪ್ಪಬೇಡಿ. ತೆಳು ಆಯಿಲ್ ಹಾಕಿರಬಹುದು. ಪೆಟ್ರೋಲ್ ಸೇರಿ ಆಯಿಲ್ ನೀರಾಗಿರಬಹುದು. ಪಂಪಿನ ಸ್ಟ್ರೇನರ್‌ಗೆ ಗಸಿ ಕಟ್ಟಿರಬಹುದು. ಪಂಪೇ ಸವೆದಿರಬಹುದು. ಇದನ್ನು ನೋಡಲು ಎಂಜಿನ್ ಇಳಿಸಬೇಕಾಗಿಲ್ಲ. ಬಹಳಷ್ಟು ಗಾಡಿಗಳಲ್ಲಿ ಕೆಳಗಿನಿಂದ ಆಯಿಲ್ ಚೇಂಬರ್ ಬಿಚ್ಚಬಹುದು. ಚೇಂಬರ್ ತಳದಲ್ಲಿ ಏನು ಕೂತಿದೆ ನೋಡಿ. ಒಂದೆರಡು ಕನೆಕ್ಟಿಂಗ್ ರಾಡ್‌ಗಳ ಕ್ಯಾಪ್ ತೆಗೆಸಿ ಬೇರಿಂಗ್ ಶೆಲ್ (ಕ್ರ್ಯಾಂಕನ್ನು ಹಿಡಿಯುವ ಅರ್ಧ ಬಳೆ) ನೋಡಿ. ಬೂದು ಬಣ್ಣದ ಮೇಲ್ಪದರ ಹೋಗಿ ತಾಮ್ರದ ಬಣ್ಣ ಕಾಣುತ್ತಿದ್ದರೆ ಆ ಬೇರಿಂಗ್ ಬಾಳಿಕೆ ಮುಗಿದಿದೆ. ಕ್ಯಾಪ್ ಬಿಚ್ಚಿದಾಗಲೇ ಪ್ಲಾಸ್ಟಿಗೇಜ್ ಎಳೆ (ಒತ್ತಿದಾಗ ಚಪ್ಪಟೆಯಾಗುವ ಅಳತೆಯ ಪ್ಲಾಸ್ಟಿಕ್ ದಾರ) ಇಟ್ಟು ಬಿಗಿದು ಗ್ಯಾಪ್ ಅಳೆಯಬಹುದು. ಕಾರಿನ ಎಂಜಿನ್‌ಗಳಲ್ಲಿ ಅದು ಸಾಮಾನ್ಯವಾಗಿ 0.02ರಿಂದ 0.05 ಮಿ.ಮೀ. ಒಳಗೆ ಇರಬೇಕು. ಕ್ಯಾಪಿನ ಬೋಲ್ಟ್ ಬಿಗಿದಾಗ ಹಿಗ್ಗುವ ತರಹದ್ದಾದರೆ ವಾಪಸ್ ಹಾಕುವಾಗ ಹೊಸದು ಬೇಕು, ಇದನ್ನು ಮೊದಲೇ ವಿಚಾರಿಸಿಕೊಳ್ಳಿ. ಹಳೆಯ ಆಯಿಲ್ ಫಿಲ್ಟರನ್ನೂ ಕತ್ತರಿಸಿ ನೋಡಿಸಿ. ಒಳಗಿನ ಕಾಗದದ ಮಡಿಕೆಯಲ್ಲಿ ಮಿನುಗುವ ಪುಡಿ ಇದ್ದರೆ ಮ್ಯಾಗ್ನೆಟ್ ಹಿಡಿಯಿರಿ. ಅಂಟಿದ್ದು ಕಬ್ಬಿಣ: ರಿಂಗ್ (ಪಿಸ್ಟನ್ ಸುತ್ತಲಿನ ಬಳೆ), ಬೋರ್, ಕ್ಯಾಮ್ ಅಥವಾ ಚೈನ್ ಕಡೆಯದು. ಅಂಟದ ಪುಡಿ ಬೇರಿಂಗ್‌ನದೋ ಪಿಸ್ಟನ್‌ನದೋ ಆಗಿರುತ್ತದೆ.

ಈಗ ನಿಮ್ಮ ಕಂಪ್ರೆಷನ್ ಅಂಕಿಗಳಿಗೆ ಬರೋಣ. 165, 160, 162 ಚೆನ್ನಾಗಿವೆ. ಇಷ್ಟು ಓಡಿದ ಎಂಜಿನ್‌ಗೆ ನಿಜಕ್ಕೂ ಸಂತೋಷದ ಸುದ್ದಿ. ಮೂರನೆಯದು 120. ಅತಿ ಹೆಚ್ಚಿನದರ ಮುಕ್ಕಾಲು ಭಾಗಕ್ಕಿಂತ ಕಡಿಮೆ ಇರಬಾರದು ಎನ್ನುವುದು ಬಹಳ ಕಡೆ ಬಳಸುವ ಮಿತಿ. ನಿಮ್ಮದು ಸ್ವಲ್ಪ ಕೆಳಗಿದೆ. ಇದರ ಅರ್ಥ ಏನು? ವಯಸ್ಸಿನಿಂದ ಬರುವ ಸವೆತ ನಾಲ್ಕೂ ಸಿಲಿಂಡರನ್ನು ಹೆಚ್ಚುಕಡಿಮೆ ಒಟ್ಟಿಗೆ ಇಳಿಸುತ್ತದೆ. ಒಂದೇ ಸಿಲಿಂಡರ್ ಇಳಿದಿದ್ದರೆ ಒಂದೇ ಜಾಗದಲ್ಲಿ ಏನೋ ಕೆಟ್ಟಿದೆ. ಎಕ್ಸಾಸ್ಟ್ ವಾಲ್ವ್ ಸುಟ್ಟಿರಬಹುದು, ಟ್ಯಾಪೆಟ್ ಗ್ಯಾಪ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು) ತೀರಾ ಬಿಗಿಯಾಗಿ ವಾಲ್ವ್ ಪೂರ್ತಿ ಕೂರದೆ ಇರಬಹುದು, ರಿಂಗ್ ಮುರಿದಿರಬಹುದು. ಗ್ಯಾಸ್ ಕಿಟ್ ಹಾಕಿ ಓಡಿಸಿದ ಗಾಡಿಯಾದರೆ ವಾಲ್ವ್ ಸೀಟ್ ಮೇಲೆ ಮೊದಲ ಅನುಮಾನ. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಇಳಿದಿದ್ದರೆ ನಡುವಿನ ಹೆಡ್ ಗ್ಯಾಸ್ಕೆಟ್ ಎನ್ನುತ್ತಿದ್ದೆ, ನಿಮ್ಮಲ್ಲಿ ಹಾಗಿಲ್ಲ.

ಆ ಟೆಸ್ಟ್ ಮಾಡಿದ ರೀತಿ ಸರಿ ಇತ್ತಾ ಎಂದು ಕೇಳಿ. ಎಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಇಗ್ನಿಷನ್ ಮತ್ತು ಪೆಟ್ರೋಲ್ ಬಂದ್ ಮಾಡಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು, ಬ್ಯಾಟರಿ ಗಟ್ಟಿ ಇರಬೇಕು. ಇಲ್ಲದಿದ್ದರೆ ಇನ್ನೊಮ್ಮೆ ಮಾಡಿಸಿ. ಆಗಲೇ ಮೂರನೇ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಲಿ. ಅಂಕಿ ಚೆನ್ನಾಗಿ ಏರಿದರೆ ರಿಂಗ್ ಅಥವಾ ಬೋರ್ ಕಡೆ ಸೋರಿಕೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಕಡೆ.

ಇದಕ್ಕಿಂತಲೂ ನಾನು ಹೆಚ್ಚು ನಂಬುವುದು ಲೀಕ್‌ಡೌನ್ ಟೆಸ್ಟನ್ನು. ಪಿಸ್ಟನ್ ಮೇಲ್ತುದಿಯಲ್ಲಿ, ಎರಡೂ ವಾಲ್ವ್ ಮುಚ್ಚಿದ ಸ್ಥಿತಿಯಲ್ಲಿ ನಿಲ್ಲಿಸಿ, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಡುತ್ತಾರೆ. ಎಷ್ಟು ಶೇಕಡಾ ಸೋರುತ್ತಿದೆ ಎಂದು ಗೇಜ್ ಹೇಳುತ್ತದೆ. ಎಲ್ಲಿಂದ ಸೋರುತ್ತಿದೆ ಎಂದು ನಿಮ್ಮ ಕಿವಿಯೇ ಹೇಳುತ್ತದೆ. ಸೈಲೆನ್ಸರ್‌ನಲ್ಲಿ ಬುಸ್ ಎಂದರೆ ಎಕ್ಸಾಸ್ಟ್ ವಾಲ್ವ್. ಏರ್ ಫಿಲ್ಟರ್ ಕಡೆ ಕೇಳಿಸಿದರೆ ಇನ್‌ಟೇಕ್ ವಾಲ್ವ್. ಆಯಿಲ್ ಹಾಕುವ ಬಾಯಲ್ಲಿ ಕೇಳಿಸಿದರೆ ರಿಂಗ್. ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್‌ನಲ್ಲಿ ಬಿರುಕು. ಶೇ. 10ರ ಒಳಗಿದ್ದರೆ ಚೆನ್ನಾಗಿದೆ, 20ರವರೆಗೆ ಓಡಿಸಬಹುದು, 30 ದಾಟಿದರೆ ಕೆಲಸ ಬೇಕೇ ಬೇಕು. ಒಂದು ನಟ್ಟೂ ಬಿಚ್ಚದೆ ಎಂಜಿನ್ ಒಳಗಿನ ವಿಷಯ ಇಷ್ಟು ಸ್ಪಷ್ಟವಾಗಿ ಹೇಳುವ ಬೇರೆ ಪರೀಕ್ಷೆ ನನಗೆ ಗೊತ್ತಿಲ್ಲ. ಪ್ಲಗ್ ಬಿಚ್ಚಿದರೆ ಸಾಕು. ಆದರೂ ಇದನ್ನು ಮಾಡಿಸದೆ ಹೆಡ್ ಬಿಚ್ಚಿಸುವವರೇ ಜಾಸ್ತಿ, ಅದು ನನಗೆ ಬೇಸರದ ವಿಷಯ.

ಹೊಗೆ ಯಾವಾಗ ಬರುತ್ತದೆ ಎನ್ನುವುದೂ ಸಾಕ್ಷಿಯೇ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಗಡುಸಾದ ವಾಲ್ವ್ ಸೀಲ್ ಮೂಲಕ ಆಯಿಲ್ ಹನಿ ಹನಿಯಾಗಿ ಇಳಿದಿರುತ್ತದೆ. ಬೆಳಗ್ಗೆ ಅದು ಉರಿದು ನೀಲಿ ಹೊಗೆಯಾಗಿ ಹೋಗುತ್ತದೆ. ಉದ್ದದ ಇಳಿಜಾರಿನಲ್ಲಿ ಕಾಲು ತೆಗೆದು ಇಳಿದು, ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದಾಗ ಒಮ್ಮೆಲೇ ನೀಲಿ ಹೊಗೆ ಬಂದರೂ ವಾಲ್ವ್ ಸೀಲ್, ಗೈಡ್ (ವಾಲ್ವ್ ಕಡ್ಡಿ ಜಾರುವ ಕೊಳವೆ) ಕಡೆಯೇ ಅನುಮಾನ. ಏರಿನಲ್ಲಿ, ಲೋಡ್‌ನಲ್ಲಿ ಎಳೆಯುವಾಗ ಬಿಡದೆ ಬರುವುದು ರಿಂಗ್‌ನ ಹೊಗೆ. ನಿಮ್ಮದು ಬೆಳಗಿನದು ಮಾತ್ರ. ಹಾಗಾಗಿ ಹೊಗೆಯ ಮಟ್ಟಿಗೆ ಹೆಡ್ ಕೆಲಸ ಎಂದವರ ಮಾತಿನಲ್ಲಿ ತೂಕ ಇದೆ.

ಆದರೆ ಒಂದು ಕೊಂಡಿ ಸರಿಯಾಗಿ ಕೂರುತ್ತಿಲ್ಲ. 1,000 ಕಿ.ಮೀ.ಗೆ ಮುಕ್ಕಾಲು ಲೀಟರ್ ಪೂರ್ತಿ ಸೀಲ್‌ನಿಂದಲೇ ಹೋಗುತ್ತಿದೆಯಾ? ಹೋಗಬಹುದು, ಆದರೆ ನನಗೆ ಅನುಮಾನ. ಕಂಪ್ರೆಷನ್ ಹಿಡಿಯುವುದು ಮೇಲಿನ ಎರಡು ರಿಂಗ್. ಬೋರ್ ಗೋಡೆಯ ಆಯಿಲ್ ಸವರಿ ಕೆಳಗಿಳಿಸುವುದು ಮೂರನೆಯದು, ಆಯಿಲ್ ರಿಂಗ್. ಅದು ಕಾರ್ಬನ್ ಕಟ್ಟಿ ಸಿಕ್ಕಿಕೊಂಡಿದ್ದರೂ ಕಂಪ್ರೆಷನ್ 160 ತೋರಿಸಬಹುದು. ಅಂದರೆ ಕಂಪ್ರೆಷನ್ ಚೆನ್ನಾಗಿದೆ ಎಂದ ಮಾತ್ರಕ್ಕೆ ರಿಂಗ್‌ಗಳೆಲ್ಲ ಚೆನ್ನಾಗಿವೆ ಎಂದಲ್ಲ. ಆದರೆ ರಿಂಗ್‌ಗೆ ಕೈ ಹಾಕುವ ಮೊದಲು ಪಿಸಿವಿ ವಾಲ್ವ್ (ಎಂಜಿನ್ ಒಳಗೆ ಸೇರುವ ಗಾಳಿ, ಆವಿಯನ್ನು ಹೊರಗೆ ಬಿಡುವ ವಾಲ್ವ್) ಬದಲಿಸಿ ನೋಡಿ. ಚಿಕ್ಕ ಪಾರ್ಟ್. ಅದು ಕಟ್ಟಿಕೊಂಡರೆ ಎಂಜಿನ್ ಒಳಗಿನ ಗಾಳಿಯ ಒತ್ತಡ ಏರಿ ಆಯಿಲ್ ಎಲ್ಲಿಂದ ಬೇಕಾದರೂ ಹೊರಗೆ ಬರುತ್ತದೆ. ಹೊರಗಡೆ ಸೋರಿಕೆ ಇದೆಯಾ ಎಂದೂ ನೋಡಿ, ಎಲ್ಲ ಆಯಿಲ್ಲೂ ಉರಿದೇ ಹೋಗುತ್ತಿದೆ ಎಂದು ಅಂದುಕೊಳ್ಳಬೇಡಿ. ಟರ್ಬೊ ಇದ್ದರೆ ಅದರ ಸೀಲ್ ಸಹ ನೀಲಿ ಹೊಗೆ ಕೊಡುತ್ತದೆ. ಟರ್ಬೊ ತಪ್ಪಿಗೆ ಎಂಜಿನ್ ಬಿಚ್ಚಿಸಿದವರಿದ್ದಾರೆ.

ಇವೆಲ್ಲ ಆದ ಮೇಲೆ ಗೇಜ್ ಪ್ರೆಷರ್ ಚೆನ್ನಾಗಿದ್ದು, ಮೂರನೇ ಸಿಲಿಂಡರಿನ ಗಾಳಿ ವಾಲ್ವ್ ಕಡೆ ಸೋರುತ್ತಿದ್ದರೆ ಹೆಡ್ ಇಳಿಸಲು ಒಪ್ಪಿಗೆ ಕೊಡಿ. ಆದರೆ ಒಂದು ಷರತ್ತು ಹಾಕಿ: ಹೆಡ್ ಇಳಿದ ಕೂಡಲೇ ಕೆಲಸ ನಿಲ್ಲಿಸಿ ನಿಮ್ಮನ್ನು ಕರೆಯಬೇಕು. ಎರಡನೇ ತೀರ್ಮಾನ ಆಗಬೇಕಾದದ್ದು ಅಲ್ಲೇ.

ಹೆಡ್ ಇಳಿದಾಗ ಬೋರ್ ಕಣ್ಣಿಗೆ ಕಾಣುತ್ತದೆ. ಫ್ಯಾಕ್ಟರಿಯಲ್ಲಿ ಹೋನಿಂಗ್ (ಕಲ್ಲಿನಿಂದ ಬೋರ್ ಗೋಡೆ ಉಜ್ಜುವುದು) ಮಾಡಿದ ಅಡ್ಡಗೀಟುಗಳು ಇನ್ನೂ ಉಳಿದಿದ್ದರೆ ಬಹಳ ಒಳ್ಳೆಯದು. ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ, ಉದ್ದ ಗೀರು ಬಿದ್ದಿದ್ದರೆ ಒಳ್ಳೆಯದಲ್ಲ. ಬೋರಿನ ಮೇಲ್ತುದಿಯಲ್ಲಿ ಉಗುರು ಆಡಿಸಿ. ಮೇಲಿನ ರಿಂಗ್ ತಿರುಗಿ ಕೆಳಗಿಳಿಯುವ ಜಾಗದಲ್ಲಿ ಸವೆತ ಜಾಸ್ತಿ, ಅದರ ಮೇಲೆ ರಿಂಗ್ ತಾಗದ ಜಾಗ ಹಾಗೇ ಉಳಿದು ಮೆಟ್ಟಿಲಾಗಿರುತ್ತದೆ. ಉಗುರಿಗೆ ಸಿಗುವಷ್ಟು ಮೆಟ್ಟಿಲು ಇದ್ದರೆ ಸವೆತ ಸಣ್ಣದಲ್ಲ. ಕೊನೆಗೆ ಡಯಲ್ ಬೋರ್ ಗೇಜ್. ಮೇಲೆ, ನಡುವೆ, ಕೆಳಗೆ; ಒಂದೊಂದು ಕಡೆಯೂ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ. ಒಂದು ಸಿಲಿಂಡರಿಗೆ ಆರು ಅಳತೆ. ಮಿತಿ ಎಂಜಿನ್ನಿಂದ ಎಂಜಿನ್ನಿಗೆ ಬೇರೆ. ಅಂದಾಜಿಗೆ ಹೇಳುವುದಾದರೆ ವ್ಯಾಸದಲ್ಲಿ 0.1 ಮಿ.ಮೀ. ಹತ್ತಿರ ಸವೆದಿದ್ದರೆ ಬೋರಿಂಗ್ (ಬೋರನ್ನು ಕೊರೆದು ಸ್ವಲ್ಪ ದೊಡ್ಡದು ಮಾಡುವುದು) ಬಗ್ಗೆ ಯೋಚಿಸಬೇಕು. ಅಂಕಿಗಳನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ‘ನೋಡಿದೆ ಸಾರ್, ಬೋರ್ ಚೆನ್ನಾಗಿದೆ’ ಎಂಬ ಮಾತು ಅಳತೆಯಲ್ಲ.

ಬೋರ್ ಮಿತಿಯೊಳಗೆ ಇದ್ದರೆ ಹೆಡ್ ಕೆಲಸ ಧೈರ್ಯವಾಗಿ ಮಾಡಿಸಿ. ವಾಲ್ವ್, ಸೀಟ್ ಕಟಿಂಗ್, ಗೈಡ್, ಸೀಲ್, ಹೆಡ್ ಸೊಟ್ಟಗಿದೆಯಾ ಎಂದು ನೇರ ಅಂಚಿನ ಪಟ್ಟಿ ಮತ್ತು ಫೀಲರ್ ಗೇಜ್‌ನಿಂದ ಪರೀಕ್ಷೆ. 0.05 ಮಿ.ಮೀ.ಗಿಂತ ಜಾಸ್ತಿ ಬಾಗಿದ್ದರೆ ಫೇಸಿಂಗ್ (ಮೇಲ್ಮೈ ಕೆತ್ತಿ ಸಮ ಮಾಡುವುದು). ಹಿಗ್ಗುವ ತರಹದ ಹೆಡ್ ಬೋಲ್ಟ್ ಆದರೆ ಹೊಸದು.

ಇಲ್ಲಿ ಒಂದು ಹಳೆಯ ಹೆದರಿಕೆಯ ಮಾತು ಬರುತ್ತದೆ: ‘ಮೇಲೆ ಹೊಸದು ಮಾಡಿದರೆ ಕೆಳಗಿನದು ಕಿತ್ತುಹೋಗುತ್ತೆ.’ ಇದರಲ್ಲಿ ಅರ್ಧ ನಿಜ ಇದೆ. ವಾಲ್ವ್ ಗಟ್ಟಿಯಾಗಿ ಕೂತಾಗ ಆಕ್ಸಿಲರೇಟರ್ ಬಿಟ್ಟ ಹೊತ್ತಿನಲ್ಲಿ ಸಿಲಿಂಡರ್ ಒಳಗಿನ ಎಳೆತ ಜಾಸ್ತಿಯಾಗುತ್ತದೆ. ಸವೆದ ರಿಂಗ್ ಇದ್ದರೆ ಕೆಳಗಿನಿಂದ ಆಯಿಲ್ ಹೆಚ್ಚು ಮೇಲೆ ಬರುತ್ತದೆ. ಹೆಡ್ ಮಾಡಿಸಿದ ಮೇಲೆ ಆಯಿಲ್ ಖರ್ಚು ಏರಿತು ಎಂಬ ದೂರಿಗೆ ಇದೇ ಕಾರಣ. ಬೇರಿಂಗ್ ವಿಷಯದಲ್ಲಿ ಮಾತ್ರ ಹೆದರಿಕೆ ಅತಿಯಾಯಿತು. ಕಂಪ್ರೆಷನ್ ಮೊದಲಿದ್ದ ಮಟ್ಟಕ್ಕೆ ವಾಪಸ್ ಬರುತ್ತದೆ ಅಷ್ಟೇ, ಆ ಮಟ್ಟಕ್ಕೆಂದೇ ಬೇರಿಂಗ್ ಮಾಡಿರುತ್ತಾರೆ. ಮೊದಲೇ ಸವೆದ ಬೇರಿಂಗ್ ಆಗಿದ್ದರೆ ಅಡಗಿದ್ದ ಸದ್ದು ಕೇಳಿಸಬಹುದು. ಅದಕ್ಕೇ ಗೇಜ್ ಮೊದಲು ಎಂದದ್ದು.

ನಾನು ಖಂಡಿತ ಬೇಡ ಎನ್ನುವುದು ಇವೆರಡರ ನಡುವಿನ ದಾರಿಯನ್ನು. ಹೆಡ್ ಬಿಚ್ಚಿದಾಗ ಯಾರೋ ಹೇಳುತ್ತಾರೆ, ‘ಹೇಗೂ ಬಿಚ್ಚಿದೆ, ಹೊಸ ರಿಂಗ್ ಹಾಕಿಬಿಡೋಣ, ಬೋರ್ ಹಾಗೇ ಇರಲಿ.’ ಕೇಳಲು ಚೆನ್ನಾಗಿರುತ್ತದೆ. ಲೆಕ್ಕ ನೋಡಿ. ಬೋರ್ ವ್ಯಾಸದಲ್ಲಿ 0.1 ಮಿ.ಮೀ. ಸವೆದಿದ್ದರೆ ಅಲ್ಲಿ ರಿಂಗಿನ ಬಾಯಿಯ ಗ್ಯಾಪ್ 0.3 ಮಿ.ಮೀ. ಜಾಸ್ತಿಯಾಗುತ್ತದೆ. 80 ಮಿ.ಮೀ. ಬೋರಿಗೆ ಇರಬೇಕಾದ ಗ್ಯಾಪೇ ಸುಮಾರು 0.3. ಅಂದರೆ ಹೊಚ್ಚ ಹೊಸ ರಿಂಗ್ ಮೊದಲ ದಿನವೇ ಎರಡು ಪಟ್ಟು ಗ್ಯಾಪ್‌ನಲ್ಲಿ ಓಡುತ್ತದೆ. ಬೋರ್ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ದುಂಡಗಿನ ರಿಂಗ್ ಎರಡು ಕಡೆ ತಾಗುವುದೇ ಇಲ್ಲ. ಮೆಟ್ಟಿಲನ್ನು ತೆಗೆಯದಿದ್ದರೆ ಹೊಸ ಮೇಲಿನ ರಿಂಗ್ ಅದಕ್ಕೆ ಬಡಿದು ಮುರಿಯಲೂಬಹುದು. ನುಣುಪಾದ ಗೋಡೆಯ ಮೇಲೆ ರಿಂಗ್ ಕೂರುವುದೂ ಇಲ್ಲ. ಬೋರ್ ಅಳತೆ ಮಿತಿಯೊಳಗೆ ಇದ್ದು, ಹೋನಿಂಗ್ ಮಾಡಿ ಅಡ್ಡಗೀಟು ತಂದು ರಿಂಗ್ ಹಾಕಿದರೆ ಸರಿ. ಅದು ಬೇರೆ ಮಾತು. ನಿಮ್ಮಲ್ಲಿ ಆಯಿಲ್ ರಿಂಗ್ ಸಿಕ್ಕಿಕೊಂಡಿದ್ದು ಬೋರ್ ಚೆನ್ನಾಗಿದ್ದರೆ ಇದೇ ಸರಿಯಾದ ಕೆಲಸ ಆಗಬಹುದು. ಅಳೆಯದೆ ಮಾತ್ರ ಬೇಡ. ಲೈನರ್ (ಬದಲಿಸಬಹುದಾದ ಬೋರ್ ಕೊಳವೆ) ಇರುವ ಲಾರಿ, ಟ್ರ್ಯಾಕ್ಟರ್ ಎಂಜಿನ್‌ಗಳಿಗೆ ಈ ತೊಂದರೆ ಇಲ್ಲ, ಅಲ್ಲಿ ಲೈನರ್, ಪಿಸ್ಟನ್, ರಿಂಗ್ ಒಟ್ಟಿಗೆ ಬದಲಾಗುತ್ತವೆ.

ಹಾಗಾದರೆ ಫುಲ್ ಎಂಜಿನ್ ಯಾವಾಗ? ಬಿಸಿ ಎಂಜಿನ್ನಿನಲ್ಲಿ ಪ್ರೆಷರ್ ಕಡಿಮೆ ಇದ್ದು ಶೆಲ್‌ನಲ್ಲಿ ತಾಮ್ರ ಕಂಡರೆ. ಬೋರ್ ಮಿತಿ ದಾಟಿದ್ದರೆ. ಇನ್ನೊಂದು, ನೀವು ಬರೆದಿಲ್ಲ, ಆದರೆ ಕೇಳಲೇಬೇಕು: ಈ ಎಂಜಿನ್ ಯಾವತ್ತಾದರೂ ನೀರಿಲ್ಲದೆ ಜೋರಾಗಿ ಬಿಸಿಯಾಗಿ ನಿಂತಿತ್ತಾ? ಆಗಿದ್ದರೆ ರಿಂಗ್‌ಗಳ ಬಿಗಿ ಹೋಗಿರುವ ಸಾಧ್ಯತೆ ಇದೆ, ಹೆಡ್ ಜೊತೆಗೆ ಬ್ಲಾಕಿನ ಮೇಲ್ಮೈ ಸಹ ಸೊಟ್ಟಗಾಗಿರಬಹುದು. ಅಂಥ ಎಂಜಿನ್‌ಗೆ ಹೆಡ್ ಮಾತ್ರ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ.

ಫುಲ್ ಎಂದು ಹೇಳಿ ರಿಂಗ್, ಶೆಲ್, ಗ್ಯಾಸ್ಕೆಟ್ ಹಾಕಿ ಮುಚ್ಚುವವರೂ ಇದ್ದಾರೆ. ಅದು ಫುಲ್ ಅಲ್ಲ. ಬ್ಲಾಕ್ ಬರಿದಾಗಬೇಕು. ಆಯಿಲ್ ಗ್ಯಾಲರಿಗಳ (ಬ್ಲಾಕ್ ಒಳಗಿನ ಆಯಿಲ್ ದಾರಿಗಳ) ತುದಿಯ ಪ್ಲಗ್ ತೆಗೆದು ಬ್ರಷ್ ಹಾಕಿ ತೊಳೆಯಬೇಕು. ಓವರ್‌ಸೈಜ್ ಪಿಸ್ಟನ್, 0.25 ಅಥವಾ 0.50 ಮಿ.ಮೀ., ಮೊದಲು ಕೈಗೆ ಬರಬೇಕು. ಆಮೇಲೆ ಆ ಪಿಸ್ಟನ್ ಅಳೆದು ಅದಕ್ಕೆ ಸರಿಯಾಗಿ ಬೋರಿಂಗ್, ಹೋನಿಂಗ್. ಕ್ರ್ಯಾಂಕ್ ಅಳೆದು, ಬೇಕಿದ್ದರೆ ಗ್ರೈಂಡ್ ಮಾಡಿ ಅಂಡರ್‌ಸೈಜ್ ಶೆಲ್. ಆಯಿಲ್ ಪಂಪ್, ಟೈಮಿಂಗ್ ಚೈನ್ ಅಥವಾ ಬೆಲ್ಟ್ ಸೆಟ್, ವಾಟರ್ ಪಂಪ್ ಹೊಸದು. ಬೇರಿಂಗ್ ಪುಡಿಯಾಗಿದ್ದರೆ ಆಯಿಲ್ ಕೂಲರ್ ಸಹ ಬದಲಿಸಬೇಕು. ಅದರ ಸಣ್ಣ ದಾರಿಗಳಲ್ಲಿ ಸಿಕ್ಕಿದ ಲೋಹದ ಪುಡಿ ತೊಳೆದರೂ ಪೂರ್ತಿ ಹೋಗುವುದಿಲ್ಲ, ಹೊಸ ಬೇರಿಂಗ್‌ಗೆ ನೇರವಾಗಿ ಬರುತ್ತದೆ. ಹೊಸದಾಗಿ ಕಟ್ಟಿದ ಎಂಜಿನ್ ಬೇಗ ಹೋಗಲು ನಾನು ಕಂಡ ದೊಡ್ಡ ಕಾರಣ ಈ ಕೊಳೆಯೇ.

ಬಿಚ್ಚುವ ಮೊದಲೇ ಪಾರ್ಟ್ಸ್ ವಿಚಾರಿಸಿ. ನಿಮ್ಮ ಎಂಜಿನ್ನಿಗೆ ಓವರ್‌ಸೈಜ್ ಪಿಸ್ಟನ್, ಅಂಡರ್‌ಸೈಜ್ ಶೆಲ್ ಸಿಗುತ್ತಾ? ಎಲ್ಲ ಎಂಜಿನ್‌ಗಳಿಗೂ ಸಿಗುವುದಿಲ್ಲ. ಅಲ್ಯೂಮಿನಿಯಂ ಬೋರಿಗೆ ಗಟ್ಟಿ ಲೇಪ ಕೊಟ್ಟ ಬ್ಲಾಕ್‌ಗಳಿಗೆ ಮಾಮೂಲಿ ಬೋರಿಂಗ್ ಆಗುವುದೂ ಇಲ್ಲ. ಸಿಗದಿದ್ದರೆ ಬೇರೆ ಎಂಜಿನ್ ಹಾಕುವುದೇ ದಾರಿ. ಸೆಕೆಂಡ್‌ಹ್ಯಾಂಡ್ ಎಂಜಿನ್ ಕೊಳ್ಳುವುದಾದರೆ ಮೇಲೆ ಹೇಳಿದ ಅದೇ ಪರೀಕ್ಷೆ ಅದಕ್ಕೂ ಮಾಡಿಸಿ: ಕಂಪ್ರೆಷನ್, ಲೀಕ್‌ಡೌನ್, ಚೇಂಬರ್ ಬಿಚ್ಚಿ ಒಂದು ನೋಟ. ಅದಕ್ಕೆ ಒಪ್ಪದವರ ಎಂಜಿನ್ ಬೇಡ.

ಏನೂ ಮಾಡದೆ ಆಯಿಲ್ ಹಾಕುತ್ತಾ ಓಡಿಸುವುದೂ ಕೆಲವೊಮ್ಮೆ ಸರಿಯಾದ ತೀರ್ಮಾನವೇ, ವರ್ಷದೊಳಗೆ ಮಾರುವ ಗಾಡಿಯಾದರೆ. ನಿಮಗೆ ಅದು ಬೇಡ. ಸುಟ್ಟ ವಾಲ್ವ್ ತಾನಾಗಿ ಸರಿಹೋಗುವುದಿಲ್ಲ, ಸುಮ್ನೆ ಬಿಟ್ಟರೆ ಸೀಟನ್ನೂ ತಿನ್ನುತ್ತದೆ. ಉರಿದ ಆಯಿಲ್ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳು ಮಾಡುತ್ತದೆ.

ನೀವು ಬರೆದಷ್ಟರಿಂದ ನನ್ನ ಅಂದಾಜು ಹೇಳುತ್ತೇನೆ. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಹೋಗಿದೆ, ಸೀಲ್‌ಗಳು ಗಡುಸಾಗಿವೆ, ಆಯಿಲ್ ರಿಂಗ್ ಮೇಲೆ ಅನುಮಾನ ಇದೆ. ಗೇಜ್ ಚೆನ್ನಾಗಿ ತೋರಿಸಿದರೆ ಹೆಡ್ ಕೆಲಸ, ಬೋರ್ ಅಳತೆ ನೋಡಿಕೊಂಡು ಬೇಕಿದ್ದರೆ ರಿಂಗ್, ಅಷ್ಟಕ್ಕೆ ನಿಲ್ಲಿಸಿ. ಇನ್ನೂ ಐದಾರು ವರ್ಷಕ್ಕೆ ಅದು ಸಾಕಾಗಬಹುದು. ಗೇಜ್ ಕಡಿಮೆ ತೋರಿಸಿ ಶೆಲ್ ಸವೆದಿದ್ದರೆ ಹೆಡ್ ಮಾತ್ರ ಮಾಡಿಸಬೇಡಿ. ಅದೇ ಗ್ಯಾಸ್ಕೆಟ್, ಅದೇ ಕೂಲಿ ಎರಡನೇ ಸಲ ಕೊಡಬೇಕಾಗುತ್ತದೆ.

ರಿಂಗ್ ಅಥವಾ ಬೋರ್ ಕೆಲಸ ಆದರೆ ಮೊದಲ ಸ್ಟಾರ್ಟ್‌ಗೆ ಮುಂಚೆ ಪ್ಲಗ್ ಬಿಚ್ಚಿ, ಪ್ರೆಷರ್ ಬರುವ ತನಕ ಸೆಲ್ಫ್ ಹೊಡೆಸಿ. ಆಮೇಲೆ ನಿಂತಲ್ಲೇ ಗಂಟೆಗಟ್ಟಲೆ ಐಡ್ಲಿಂಗ್ ಬಿಡಬೇಡಿ, ಹಾಗೆ ಬಿಟ್ಟರೆ ರಿಂಗ್ ಕೂರುವುದಿಲ್ಲ. ರಸ್ತೆಗೆ ತೆಗೆದುಕೊಂಡು ಹೋಗಿ, ವೇಗ ಏರಿಳಿಸುತ್ತಾ ಮಧ್ಯಮ ಲೋಡ್‌ನಲ್ಲಿ ಓಡಿಸಿ. 500ರಿಂದ 1,000 ಕಿ.ಮೀ. ಒಳಗೆ ಮೊದಲ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಆ ಫಿಲ್ಟರನ್ನೂ ಕತ್ತರಿಸಿ ನೋಡಿ. ಸಣ್ಣ ಹೊಳಪು ಇರುತ್ತದೆ, ಅದಕ್ಕೆ ಹೆದರಬೇಡಿ. ಕಣ್ಣಿಗೆ ಬಿಡಿಬಿಡಿಯಾಗಿ ಕಾಣುವ ಚೂರು ಸಿಕ್ಕರೆ ಗಾಡಿ ಓಡಿಸದೆ ಕೆಲಸ ಮಾಡಿದವರ ಹತ್ತಿರ ಅದೇ ದಿನ ತೋರಿಸಿ.